ಐಸ್ ಪ್ಲಾಂಟಿಗೆ ಯಾವ ಅಮೋನಿಯಾ ಸೆನ್ಸರ್: ಎರಡು ಮಳೆಗಾಲಗಳ ಹೋಲಿಕೆ

ಮಲ್ಪೆ ಬಂದರಿನ ಹತ್ತಿರದ ಐಸ್ ಪ್ಲಾಂಟ್ ಒಂದರಲ್ಲಿ ಯಂತ್ರಗಳ ಉಸ್ತುವಾರಿ ನನ್ನದು. ನೀರನ್ನು ಮಂಜುಗಡ್ಡೆ ಮಾಡಲು ನಮ್ಮ ಯಂತ್ರಗಳಲ್ಲಿ ಹರಿಯುವುದು ಅಮೋನಿಯಾ ಅನಿಲ; ಅದು ಸೋರಿದರೆ ಸೆನ್ಸರ್ ಕೂಗಿ ಎಚ್ಚರಿಸಬೇಕು. ಕಂಪ್ರೆಸರ್ ಕೋಣೆಗೆ ಮೊದಲ ವರ್ಷ ಅಗ್ಗದ ಸೆಮಿಕಂಡಕ್ಟರ್ ಸೆನ್ಸರ್ ಹಾಕಿಸಿ ಕೈ ಸುಟ್ಟುಕೊಂಡೆ. ಮರುವರ್ಷ ಎಲೆಕ್ಟ್ರೋಕೆಮಿಕಲ್ ಸೆನ್ಸರಿಗೆ ಬದಲಾಯಿಸಿದೆ. ನನ್ನ ಒಲವು ಎರಡನೆಯದರ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ವ್ಯಾಪಾರಿ ಮೊದಲು ತೋರಿಸಿದ್ದು ಇವೆರಡೂ ಅಲ್ಲ, ಬೆಂಕಿ ಹಿಡಿಯುವ ಅನಿಲಗಳಿಗೆಂದು ಮಾಡಿದ ಕ್ಯಾಟಲಿಟಿಕ್ ಸೆನ್ಸರ್. ಅಮೋನಿಯಾಕ್ಕೆ ಕಿಡಿ ತಗಲಬೇಕಾದರೆ ಅದು ಗಾಳಿಯಲ್ಲಿ ಶೇಕಡಾ 15ರಷ್ಟು, ಅಂದರೆ 1,50,000 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಇರಬೇಕು. ಅದರ ಹತ್ತರಲ್ಲೊಂದು ಪಾಲಿಗೆ ಅಲಾರಂ ಇಟ್ಟರೂ 15,000 ಪಿಪಿಎಂ ಆಗುತ್ತದೆ. ಮನುಷ್ಯನಿಗೋ 300 ಪಿಪಿಎಂನಲ್ಲೇ ಜೀವಾಪಾಯ, ಎಂಟು ಗಂಟೆಯ ಪಾಳಿಗೆ ಮಿತಿ 25. ಆ ಸೆನ್ಸರ್ ಕೂಗುವ ಹೊತ್ತಿಗೆ ಕೇಳುವವರು ಯಾರೂ ಕೋಣೆಯಲ್ಲಿ ನಿಂತಿರುವುದಿಲ್ಲ. ಇನ್‌ಫ್ರಾರೆಡ್ ಸೆನ್ಸರಿನ ಬೆಲೆ ಕೇಳಿಯೇ ಕೈಬಿಟ್ಟೆ.

ಸೆಮಿಕಂಡಕ್ಟರ್ ಸೆನ್ಸರಿನ ಆಕರ್ಷಣೆ ಅದರ ಬೆಲೆ. ನಾವು ಎಲೆಕ್ಟ್ರೋಕೆಮಿಕಲ್ ಒಂದಕ್ಕೆ ಕೊಟ್ಟ ಹಣದಲ್ಲಿ ಇಂಥವು ಮೂರು ಬರುತ್ತಿದ್ದವು, ಬಾಳಿಕೆಯೂ ಹೆಚ್ಚು. ತೊಂದರೆ ಏನೆಂದರೆ ಅದಕ್ಕೆ ಅಮೋನಿಯಾ ಬೇರೆ, ಉಳಿದದ್ದು ಬೇರೆ ಎಂಬ ಭೇದ ತಿಳಿಯದು. ಲೋಡಿಂಗಿಗೆ ಬಂದ ಲಾರಿಯ ಹೊಗೆಗೂ ಕೂಗುತ್ತದೆ, ಪೇಂಟಿನ ಥಿನ್ನರಿಗೂ ಕೂಗುತ್ತದೆ. ಒಳಗಿನ ಬಿಸಿ ಪದರ ತಣ್ಣಗಾದಾಗ ತೇವ ಹೀರಿಕೊಳ್ಳುವುದರಿಂದ, ಮಳೆಗಾಲದ ರಾತ್ರಿಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಮತ್ತೆ ಕಾದು ಹದಕ್ಕೆ ಬರುವ ತನಕ ಇಲ್ಲದ ಅನಿಲವನ್ನು ತೋರಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲೇ ನಮ್ಮ ದುರಸ್ತಿ, ಪೇಂಟಿಂಗ್ ಎಲ್ಲ ನಡೆಯುವುದು. ಆ ವರ್ಷ ಹೂಟರ್ ದಿನಕ್ಕೆ ನಾಲ್ಕೈದು ಸಲ ಸುಮ್ಮಸುಮ್ಮನೆ ಅರಚಿತು. ಮೊದಲ ವಾರ ಎಲ್ಲರೂ ಹೊರಗೆ ಓಡಿದರು, ಎರಡನೆಯ ವಾರ ತಲೆ ಎತ್ತಿ ನೋಡಿದರು, ಮೂರನೆಯ ವಾರ ಅದೂ ಇಲ್ಲ.

ಆಗಸ್ಟಿನಲ್ಲಿ ಪ್ಲಾಂಟ್ ಶುರುವಾದ ಮೇಲೆ ಒಂದು ಬೆಳಿಗ್ಗೆ ಆಯಿಲ್ ಡ್ರೈನ್ ಮಾಡುವಾಗ, ಅಂದರೆ ಯಂತ್ರದಲ್ಲಿ ಸೇರಿದ ಎಣ್ಣೆಯನ್ನು ಹೊರಬಿಡುವಾಗ, ವಾಲ್ವ್ ಸ್ವಲ್ಪ ಹೆಚ್ಚೇ ತೆರೆದುಕೊಂಡು, ಎಣ್ಣೆಯ ಹಿಂದೆಯೇ ಅನಿಲ ಬುಸ್ಸೆಂದು ಬಂತು. ನಮ್ಮ ಕಣ್ಣು ಉರಿಯುತ್ತಿತ್ತು, ಗಂಟಲು ಬಿಗಿಯುತ್ತಿತ್ತು. ಆಪರೇಟರ್ ಮಾತ್ರ ಗೋಡೆಯ ಕಡೆ ಕೈ ತೋರಿಸಿ, "ಮೀಟರಿನಲ್ಲಿ ಸೊನ್ನೆಯೇ ಉಂಟಲ್ಲ ಸರ್" ಎಂದ. ವಾಲ್ವ್ ಮುಚ್ಚಿ, ಫ್ಯಾನ್ ಹಾಕಿ ಎಲ್ಲರೂ ಹೊರಬಂದೆವು; ಯಾರಿಗೂ ಏನೂ ಆಗಲಿಲ್ಲ. ಗಾಳಿ ತಿಳಿಯಾದ ಬಳಿಕ ಏಣಿ ಹತ್ತಿ ನೋಡಿದರೆ ಸೆನ್ಸರಿಗೆ ಮೀನು ತುಂಬುವ ಪ್ಲಾಸ್ಟಿಕ್ ಚೀಲ ತೊಡಿಸಿ, ಬಲೆಯ ನೂಲಿನಿಂದ ಬಿಗಿಯಾಗಿ ಕಟ್ಟಲಾಗಿತ್ತು. ಚೀಲದ ಒಳಮೈಯಲ್ಲಿ ನೀರಹನಿಗಳು ಸಾಲುಗಟ್ಟಿದ್ದವು. ಪೇಂಟಿಂಗ್ ಸಮಯದಲ್ಲಿ ಹೂಟರಿನ ಕಾಟ ತಾಳಲಾರದೆ ಯಾರೋ ಕಟ್ಟಿದ್ದು ಹಾಗೆಯೇ ಉಳಿದಿತ್ತು. ಕಟ್ಟಿದವರನ್ನು ನಾನು ಬೈಯಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನಾನೂ ಹೂಟರಿಗೆ ಕಿವಿಗೊಡುವುದನ್ನು ಬಿಟ್ಟಿದ್ದೆ.

ಎಲೆಕ್ಟ್ರೋಕೆಮಿಕಲ್ ಸೆನ್ಸರ್ ನಮ್ಮಲ್ಲಿ ಇದುವರೆಗೆ ಥಿನ್ನರಿಗಾಗಲೀ ಲಾರಿಯ ಹೊಗೆಗಾಗಲೀ ಕೂಗಿಲ್ಲ. ಅದಕ್ಕೂ ದೋಷಗಳಿವೆ. ಅಮೋನಿಯಾ ತಗಲಿದಷ್ಟೂ ಒಳಗಿನ ಸೆಲ್ ಸವೆಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವ ಖರ್ಚನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಕೊಳ್ಳಬೇಕು. ಸೆನ್ಸರಿನ ಬಾಯಿಗೆ ನೀರಿನ ಪೊರೆ ಕಟ್ಟಿದರೆ ಅಮೋನಿಯಾ ಅದರಲ್ಲೇ ಕರಗಿ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ಬಾಯಿ ಕೆಳಮುಖವಾಗಿರಬೇಕು, ನೀರು ಸಿಡಿಯದಂತೆ ಕವಚವೂ ಬೇಕು.

ಯಾವುದನ್ನು ಕೊಂಡರೂ ಕೂರಿಸುವ ಕೆಲಸದ ಹತ್ತಿರ ನಾವೇ ನಿಲ್ಲಬೇಕು. ನಮಗೆ ಸಿಕ್ಕಿದ ಎಲೆಕ್ಟ್ರಿಷಿಯನ್ ಉಡುಪಿಯ ಹೋಟೆಲುಗಳ ಅಡುಗೆಮನೆಗೆ ಎಲ್‌ಪಿಜಿ ಸೆನ್ಸರ್ ಹಾಕಿ ಪಳಗಿದವನು. ಅದೇ ಅಭ್ಯಾಸದಲ್ಲಿ ನೆಲದಿಂದ ಒಂದಡಿ ಮೇಲೆ ಗುರುತು ಹಾಕಿದ್ದ. ಎಲ್‌ಪಿಜಿ ಗಾಳಿಗಿಂತ ಭಾರ, ಅಮೋನಿಯಾ ಹಗುರ. ಹಾಗಾಗಿ ಸೆನ್ಸರನ್ನು ಕಂಪ್ರೆಸರಿನ ಮೇಲ್ಭಾಗದಲ್ಲಿ, ಮಾಡಿನಿಂದ ಒಂದಡಿ ಕೆಳಗೆ, ಎಕ್ಸಾಸ್ಟ್ ಫ್ಯಾನಿನ ಕಡೆಗೆ ಗಾಳಿ ಹೋಗುವ ದಾರಿಯಲ್ಲಿ ಹಾಕಿಸಿದೆ. ಡಿಸ್‌ಪ್ಲೇ ಮಾತ್ರ ಬಾಗಿಲಿನ ಹೊರಗೆ, ಕಣ್ಣಿನ ಮಟ್ಟದಲ್ಲಿದೆ. ಅಮೋನಿಯಾ ಹಿತ್ತಾಳೆಯನ್ನು ತಿನ್ನುವುದರಿಂದ ಕೇಬಲ್ ಗ್ಲ್ಯಾಂಡ್ (ಕೇಬಲ್ ಪೆಟ್ಟಿಗೆಯೊಳಗೆ ಹೋಗುವಲ್ಲಿ ಅದನ್ನು ಬಿಗಿಹಿಡಿಯುವ ಭಾಗ) ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು, ಮಳೆನೀರು ಇಳಿಯದಂತೆ ಕೇಬಲ್ ಪೆಟ್ಟಿಗೆಗೆ ಕೆಳಗಿನಿಂದ ಬರಬೇಕು.

ಒಣ ಹವೆ, ಕಡಿಯದ ಕರೆಂಟು, ಸುತ್ತಮುತ್ತ ಪೇಂಟು-ಡೀಸೆಲ್ ಇಲ್ಲದ ಜಾಗವಿದ್ದರೆ ಸೆಮಿಕಂಡಕ್ಟರ್ ಸಾಕಾಗಬಹುದು. ಮಲ್ಪೆಯಲ್ಲಿ ಈ ಮೂರೂ ಇಲ್ಲ, ಆದ್ದರಿಂದ ನಮಗೆ ಎಲೆಕ್ಟ್ರೋಕೆಮಿಕಲ್ಲೇ ಸರಿ. ಅದನ್ನೂ ಸುಮ್ಮನೆ ನಂಬಿ ಕೂರದೆ, ಪ್ರತಿ ಜುಲೈ ಕೊನೆಯ ವಾರ, ಬೋಟುಗಳು ಕಡಲಿಗಿಳಿಯುವ ಮುನ್ನ, 50 ಪಿಪಿಎಂ ಅಮೋನಿಯಾದ ಸಣ್ಣ ಸಿಲಿಂಡರ್ ಹಿಡಿದು ನಾನೇ ಏಣಿ ಹತ್ತಿ, ಹೂಟರ್ ಕೂಗುವ ತನಕ ಕಾದು ಇಳಿಯುತ್ತೇನೆ.