ಕೈಗಾಡಿ ಕೊಳ್ಳುವವರೇ, ಮೊದಲು ಹಿಡಿಕೆಯ ಜೋಡಣೆ ನೋಡಿ

ಹಿತ್ತಲಿಗೋ ತೋಟಕ್ಕೋ ಕೈಗಾಡಿ ತಗೊಳ್ಳಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪೆಟ್ಟಿಗೆಯೊಳಗೆ ಬಿಡಿಬಿಡಿಯಾಗಿ ಬರುವ, ಹಿಡಿಕೆಯ ಪೈಪನ್ನು ನಡುವೆ ತುಂಡು ಮಾಡಿ ಬೋಲ್ಟು ಹಾಕಿ ಕೂಡಿಸುವ ಒಂಟಿ ಚಕ್ರದ ಗಾಡಿಗಳು ಈಗ ಎಲ್ಲ ಕಡೆ ಸಿಗುತ್ತಿವೆ. ಅಂಥದ್ದೇ ಒಂದು ಗಾಡಿ ನಮ್ಮ ತೋಟದ ಇಳಿಜಾರಿನಲ್ಲಿ ಮುರಿದು ಬಿತ್ತು. ನಮ್ಮಲ್ಲಿ ವರ್ಷಗಳಿಂದ ಕೆಲಸಕ್ಕೆ ಬರುವ ಅಣ್ಣನ ಮೊಣಕಾಲಿನ ಕೆಳಗೆ ಎಲುಬು ಕಾಣುವಷ್ಟು ಆಳದ ಗಾಯವಾಯಿತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಅಡಿಕೆ ತೋಟ. ಕೊಟ್ಟಿಗೆ ಮೇಲೆ, ತೋಟ ಕೆಳಗೆ. ಗೊಬ್ಬರ, ಸೊಪ್ಪು, ದರಗು (ಒಣ ಎಲೆ), ಅಡಿಕೆ ಗೊನೆ ಎಲ್ಲವೂ ತಲೆಹೊರೆಯಲ್ಲೇ ಸಾಗುತ್ತಿತ್ತು. ಹೊರುವವರು ಸಿಗುವುದೇ ಕಷ್ಟ, ಸಿಕ್ಕವರ ಕುತ್ತಿಗೆ ಬೆನ್ನಾದರೂ ಎಷ್ಟು ಅಂತ ತಡೆದೀತು? ಅದಕ್ಕೇ ಗಾಡಿ ತಂದಿದ್ದು. ತೊಟ್ಟಿ 80 ಲೀಟರಿನದು, ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 200 ಕಿಲೋ ಅಂತ ಅಚ್ಚಾಗಿತ್ತು. "ಇಳಿಜಾರಲ್ಲಿ ಹಸಿ ಗೊಬ್ಬರ ಸಾಗಿಸ್ಬೇಕು, ತಡೆಯತ್ತಾ?" ಅಂತ ಕೇಳಿದ್ದಕ್ಕೆ, "ಜಲ್ಲಿ, ಸಿಮೆಂಟಿಗೇ ತಗೊಂಡು ಹೋಗ್ತಾರೆ ಸಾರ್, ಗೊಬ್ಬರ ಯಾವ ಲೆಕ್ಕ" ಅಂದರು ಅಂಗಡಿಯವರು.

ಮಳೆ ಕಡಿಮೆಯಾಗಿ ಗೊಬ್ಬರ ಹಾಕುವ ಕೆಲಸ ಶುರುವಾದಾಗ ಆಗಿದ್ದು ಇದು. ತುಂಬಿದ ಗಾಡಿ ಇಳಿಜಾರಿನಲ್ಲಿ ಒಂದು ಬೇರಿನ ಮೇಲೆ ಹತ್ತಿ ಧಡ್ ಅಂತ ಇಳಿಯಿತು, ಎಡಗಡೆ ಹಿಡಿಕೆ ಕಟ್ ಅಂದು ತಳ್ಳುತ್ತಿದ್ದ ಅಣ್ಣನ ಕೈಯಲ್ಲೇ ಉಳಿಯಿತು. ಗಾಡಿ ಎಡಕ್ಕೆ ತಿರುಗಿ ಮಗುಚಿತು, ತೊಟ್ಟಿಯ ಅಂಚಿನ ತಗಡು ಕಾಲಿಗೆ ಬಡಿಯಿತು. ಹೊಲಿಗೆ ಬಿತ್ತು, ಟಿಟಿ ಚುಚ್ಚಿಸಿದ್ದಾಯಿತು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣು ಗೊಬ್ಬರದಲ್ಲಿ. ತೋಟದ ಗಾಯ ಎಷ್ಟೇ ಸಣ್ಣದಿರಲಿ, ಅರಿಶಿನ ಒತ್ತಿ ಸುಮ್ಮನಾಗಬೇಡಿ.

ಮುರಿದ ತುಂಡನ್ನು ಪೇಟೆಯ ವೆಲ್ಡಿಂಗ್ ಶಾಪಿಗೆ ಒಯ್ದೆ. ಅವರು ವರ್ನಿಯರ್ ಹಿಡಿದು ಅಳೆದರು. ಪೈಪಿನ ಗೋಡೆಯ ದಪ್ಪ ಬರೀ 1.2 ಮಿಲಿಮೀಟರು. ಬೋಲ್ಟು ಬಿಗಿ ಮಾಡಿದ ಕಡೆ ಪೈಪು ಚಪ್ಪಟೆಯಾಗಿ ನೆಗ್ಗಿತ್ತು. ತೂತಿನ ಒಂದು ಬದಿಯಿಂದ ಅರ್ಧ ಸುತ್ತು ಕಂದು ತುಕ್ಕು, ಉಳಿದರ್ಧ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅಂದರೆ ಅರ್ಧ ಬಿರುಕು ಹಳೆಯದು, ಮೊದಲೇ ಬಿಟ್ಟು ಒಳಗೆ ನೀರು ಕುಡಿದಿದೆ, ಉಳಿದದ್ದು ಮಾತ್ರ ಆ ದಿನ ಮುರಿದದ್ದು. ಹೊರಗಿನಿಂದ ಅದು ಕಾಣುವಂತೆಯೇ ಇರಲಿಲ್ಲ, ಜೋಡಣೆಯ ಮೇಲೆ ಪ್ಲಾಸ್ಟಿಕ್ ತೋಳು (ಕೊಳವೆಯಂಥ ಹೊದಿಕೆ) ಕೂರಿಸಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಅದಕ್ಕೆ.

ಜೋಡಣೆ ಅಲ್ಲೇ ಯಾಕೆ ಮುರಿಯುತ್ತದೆ ಅನ್ನುವುದಕ್ಕೆ ಲೆಕ್ಕ ಸುಲಭ ಇದೆ. ಕೈಗಾಡಿ ಅಂದರೆ ಒಂದು ಸನ್ನೆ, ಅಂದರೆ ಮೀಟುಗೋಲು. ಚಕ್ರದ ಅಚ್ಚಿನಿಂದ ಕೈ ಹಿಡಿಯುವ ಜಾಗ 1.4 ಮೀಟರು ದೂರ ಅಂತ ಇಟ್ಟುಕೊಳ್ಳಿ. 100 ಕಿಲೋ ಭಾರದ ನಡುಮಧ್ಯ ಅಚ್ಚಿನಿಂದ ಅರ್ಧ ಮೀಟರಿನಲ್ಲಿ ಕೂತರೆ ಕೈಗೆ ಬರುವುದು ಸುಮಾರು 36 ಕಿಲೋ. ಅದೇ ಭಾರ ಹಿಂದೆ ಸರಿದು ಅಚ್ಚಿನಿಂದ 70 ಸೆಂಟಿಮೀಟರಿನಲ್ಲಿ ಕೂತರೆ 50 ಕಿಲೋ. ನಾವು ಎತ್ತುವ ಅಷ್ಟೂ ಶಕ್ತಿ ಆ ಪೈಪಿನ ಮೂಲಕವೇ ತೊಟ್ಟಿಗೆ ಹೋಗಬೇಕು, ತೊಟ್ಟಿಯ ಹತ್ತಿರ ಬಂದಷ್ಟೂ ಪೈಪು ಬಾಗುವ ಒತ್ತಡ ಹೆಚ್ಚು. ತೂತು ಕೊರೆದು ಬಲ ಕಳೆದಿರುವುದು ಸರಿಯಾಗಿ ಅಲ್ಲಿಯೇ, ತೊಟ್ಟಿಯ ಹಿಂಬದಿಗೆ. ಚಕ್ರ ತೊಟ್ಟಿಯ ಮುಂದೆ ಎಲ್ಲೋ ದೂರ ಇರುವ ಗಾಡಿಗಿಂತ, ಅದರ ಅಡಿಗೇ ತುಸು ಸರಿದಿರುವ ಗಾಡಿ ಹಗುರ ಅನ್ನಿಸುವುದಕ್ಕೂ ಇದೇ ಕಾರಣ.

ಈ 200 ಕಿಲೋ ಅನ್ನುವುದಕ್ಕೆ ಏನೂ ಅರ್ಥವಿಲ್ಲ. 80 ಲೀಟರಿನ ತೊಟ್ಟಿಗೆ ಹಸಿ ಗೊಬ್ಬರ ತುಂಬಿದರೆ ಹೆಚ್ಚುಕಡಿಮೆ 80 ಕಿಲೋ ಆಗುತ್ತದೆ. ಒದ್ದೆ ಮರಳನ್ನೇ ಅಂಚಿನ ಮಟ್ಟ ತುಂಬಿದರೂ 160 ಕಿಲೋ ಮುಟ್ಟುವುದು ಕಷ್ಟ. ಇದನ್ನೇ ಹೇಳಿದೆ. ಆದರೂ ಅಂಗಡಿಯವರ ಉತ್ತರ ಒಂದೇ: "ಓವರ್‌ಲೋಡ್ ಮಾಡಿದೀರಿ, ವಾರಂಟಿ ಚಕ್ರಕ್ಕೆ ಮಾತ್ರ." ಕಾಲಿಗೆ ಪೆಟ್ಟಾದವನ ಬಗ್ಗೆ ಒಂದು ಮಾತು ಕೇಳಲಿಲ್ಲ.

ಹಾಗಾದರೆ ಎಂಥದ್ದು ತಗೊಳ್ಳಬೇಕು? ಹಿಡಿಕೆಯಿಂದ ಚಕ್ರದವರೆಗೆ ಒಂದೇ ಪೈಪು ಬಾಗಿಸಿ ಮಾಡಿರಬೇಕು, ಇದರಲ್ಲಿ ರಾಜಿ ಬೇಡ. ನಾವು ಕೊನೆಗೆ ಆ ವೆಲ್ಡಿಂಗ್ ಶಾಪಿನಲ್ಲೇ ಒಂದಿಂಚಿನ ಬಿ ಕ್ಲಾಸ್ (ಮಧ್ಯಮ ದಪ್ಪದ) ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನಲ್ಲಿ ಮಾಡಿಸಿದೆವು. ಅದರ ಗೋಡೆ ಸುಮಾರು 3.2 ಮಿಲಿಮೀಟರು. ಪೈಪಿನ ಮೇಲೆ ಬಣ್ಣದ ಪಟ್ಟೆ ಇರುತ್ತದೆ: ಹಳದಿ ಇದ್ದರೆ ತೆಳು, ನೀಲಿ ಇದ್ದರೆ ಮಧ್ಯಮ, ಕೆಂಪು ಇದ್ದರೆ ದಪ್ಪ. ಮಾಡಿಸುವವರು ನೀಲಿ ಪಟ್ಟೆ ಕಣ್ಣಾರೆ ನೋಡಿಯೇ ಒಪ್ಪಿ. ತೂಕ ಜಾಸ್ತಿಯಾಯಿತು, ಹೌದು. ಖಾಲಿ ಗಾಡಿ ಏರು ಹತ್ತಿಸುವಾಗ ಅದು ಗೊತ್ತಾಗುತ್ತದೆ, ಆದರೂ ಈಗ ಯಾರ ಕೈಗೆ ಕೊಡಲೂ ನನಗೆ ಭಯವಿಲ್ಲ.

ಇನ್ನು ತೊಟ್ಟಿಯ ತಗಡು. ಅದರ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ, ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತೆಳು. 20 ಗೇಜು ಅಂದರೆ 1 ಮಿಲಿಮೀಟರೂ ಇರುವುದಿಲ್ಲ. 16 ಗೇಜು 1.6ರ ಹತ್ತಿರ. ಅಂಚನ್ನು ಮಡಿಸಿ ಒಳಗೆ ಸರಳು ಕೊಟ್ಟಿರಬೇಕು, ಬೋಳು ಅಂಚು ಕತ್ತಿಯೇ. ಗಂಜಲ, ಪೊಟ್ಯಾಷ್ ಎರಡೂ ಕಬ್ಬಿಣವನ್ನು ಬೇಗ ತಿನ್ನುತ್ತವೆ, ಕೆಲಸ ಮುಗಿದ ಮೇಲೆ ತೊಳೆದು ಬೋರಲು ಹಾಕಿಡಿ.

ಟೈರಿಗೆ ಬಂದರೆ 4.00-8 ಅಳತೆಯದ್ದೇ ಕೇಳಿ. ಅದು ಆಟೋರಿಕ್ಷಾ ಟೈರಿನ ಅಳತೆ, ಟ್ಯೂಬು ಯಾವ ಸಣ್ಣ ಪೇಟೆಯಲ್ಲೂ ಸಿಗುತ್ತದೆ. ಮುರಿದ ಗಾಡಿಯ ಟ್ಯೂಬು ಊರೂರು ಹುಡುಕಿದರೂ ಸಿಕ್ಕಿರಲಿಲ್ಲ. ಪಂಚರ್ ಆಗದ ಗಟ್ಟಿ ರಬ್ಬರಿನ ಚಕ್ರ ಸಿಮೆಂಟು ಅಂಗಳಕ್ಕೆ ಸರಿ, ತೋಟದ ಮೆತ್ತನೆ ಮಣ್ಣಿನಲ್ಲಿ ಹೂತು ಹೋಗುತ್ತದೆ, ಕಲ್ಲಿನ ಪೆಟ್ಟೆಲ್ಲ ಕೈಗೇ ಬರುತ್ತದೆ. ಅಚ್ಚಿನಲ್ಲಿ ಪ್ಲಾಸ್ಟಿಕ್ ಬುಶ್ ಇದ್ದರೆ ಬೇಡ, ಬಾಲ್ ಬೇರಿಂಗು ಇರಲಿ. ಎರಡು ಚಕ್ರದ್ದು ಸಮತಟ್ಟು ಜಾಗದಲ್ಲಿ ಆರಾಮ. ನಮ್ಮಂಥ ಕಡೆ ಕಪ್ಪು (ತೋಟದ ಬಸಿಗಾಲುವೆ) ದಾಟಲು ಹಾಕಿದ ಕಿರಿದಾದ ಸಂಕದ (ಕಾಲುಸೇತುವೆಯ) ಮೇಲೆ ಅದು ಹೋಗುವುದೇ ಇಲ್ಲ.

ಕೊಂಡವರು ಬಿಲ್ಲು, ಪೆಟ್ಟಿಗೆಯ ಲೇಬಲ್ಲು, ಅದರ ಮೇಲಿನ ಭಾರದ ಬರಹ ಮೂರರದ್ದೂ ಫೋಟೋ ತೆಗೆದಿಡಿ. ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು, ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅಣ್ಣನ ಆಸ್ಪತ್ರೆ ಚೀಟಿಗಳನ್ನೂ ಸೇರಿಸಿ ನಾವು ದೂರು ಸಿದ್ಧ ಮಾಡುತ್ತಿದ್ದೇವೆ.

ಈಗಾಗಲೇ ಇಂಥ ಗಾಡಿ ಮನೆಯಲ್ಲಿ ಇರುವವರು ಇವತ್ತೇ ಜೋಡಣೆಯ ಬೋಲ್ಟು ಬಿಚ್ಚಿ, ಪ್ಲಾಸ್ಟಿಕ್ ತೋಳು ಸರಿಸಿ ನೋಡಿ. ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೂ ಆ ಗಾಡಿಗೆ ಭಾರ ಹಾಕಬೇಡಿ. ಗೆರೆ ಇಲ್ಲದಿದ್ದರೂ ಒಳಗೆ ಬಿಗಿಯಾಗಿ ಕೂರುವ ದಪ್ಪ ಪೈಪಿನ ತುಂಡು ತೂರಿಸಿ, ಎರಡೂ ಕಡೆ ಸುತ್ತ ವೆಲ್ಡಿಂಗ್ ಮಾಡಿಸಿಕೊಳ್ಳಿ. ಅರ್ಧ ಗಂಟೆಯ ಕೆಲಸ.