ನಡುವಯಸ್ಸಿನಲ್ಲಿ ತೂಕ ಇಳಿಸಲು ಲಾಲ್‌ಬಾಗ್: ನಿತ್ಯ ನಡೆಯುವವರೊಬ್ಬರ ವಿಮರ್ಶೆ

ಐವತ್ತರ ಆಸುಪಾಸಿನಲ್ಲಿ ತೂಕ ಇಳಿಸಬೇಕೆಂದು ನಿರ್ಧರಿಸುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ಜಿಮ್ ಒಳ್ಳೆಯದು, ಮನೆಗೆ ಟ್ರೆಡ್‌ಮಿಲ್ ತರಿಸಬಹುದೇ, ಯಾವ ಡಯಟ್ ಬೇಗ ಫಲ ಕೊಡುತ್ತದೆ ಎಂದು. ಬಸವನಗುಡಿ, ಜಯನಗರ, ಮಾವಳ್ಳಿ, ವಿಲ್ಸನ್ ಗಾರ್ಡನ್ ಸುತ್ತಮುತ್ತ ವಾಸಿಸುವ ಪರಿಚಿತರು ಈ ಪ್ರಶ್ನೆ ಕೇಳಿದಾಗಲೆಲ್ಲ ನಾನು ಲಾಲ್‌ಬಾಗ್‌ಗೆ ಹೋಗಿ ಎಂದೇ ಹೇಳುತ್ತೇನೆ. ಕೆಲವು ವರ್ಷಗಳಿಂದ ಅಲ್ಲಿ ನಿಯಮಿತವಾಗಿ ನಡೆಯುತ್ತಿರುವ ನನಗೆ, ನಡುವಯಸ್ಸಿನ ದೇಹಕ್ಕೆ ಆ ಜಾಗ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ವಿವರವಾಗಿ ಬರೆದಿಡಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

1760ರಲ್ಲಿ ಹೈದರ್ ಅಲಿ ಆರಂಭಿಸಿದ ಈ ತೋಟ ಈಗ 240 ಎಕರೆಗಳಷ್ಟು ವಿಸ್ತಾರವಾಗಿದ್ದು, ರಾಜ್ಯದ ತೋಟಗಾರಿಕೆ ಇಲಾಖೆಯ ಆಡಳಿತದಲ್ಲಿದೆ. ಬೆಳಗಿನ ವೇಳೆ ನಡಿಗೆಗೆ ಬರುವವರಿಗೆ ಪ್ರವೇಶ ಉಚಿತ. ಒಂಬತ್ತು ಗಂಟೆಯ ನಂತರ ಟಿಕೆಟ್ ಪಡೆಯಬೇಕು. ವರ್ಷದ ಶುಲ್ಕವನ್ನು ಮುಂಗಡವಾಗಿ ಕಟ್ಟಿಸಿಕೊಂಡು, ಎರಡನೆಯ ತಿಂಗಳಿನಿಂದ ತರಬೇತುದಾರರೇ ಕಾಣಿಸದಂತಾದ ನಮ್ಮ ಬಡಾವಣೆಯ ಜಿಮ್ ಒಂದರ ಅನುಭವವಾದ ಮೇಲೆ, ಈ ಸರಳ ವ್ಯವಸ್ಥೆಯ ಬೆಲೆ ನನಗೆ ಇನ್ನಷ್ಟು ಚೆನ್ನಾಗಿ ಅರ್ಥವಾಗಿದೆ. ಆದರೆ ನಾನು ಈ ಜಾಗವನ್ನು ಶಿಫಾರಸು ಮಾಡುವುದು ಹಣ ಉಳಿಯುತ್ತದೆ ಎಂಬ ಕಾರಣಕ್ಕಲ್ಲ. ನಡುವಯಸ್ಸಿನಲ್ಲಿ ತೂಕ ಇಳಿಯುವುದು ನಿಧಾನ. ಅಷ್ಟು ದೀರ್ಘ ಕಾಲ ಒಂದೇ ಅಭ್ಯಾಸವನ್ನು ಹಿಡಿದುಕೊಂಡು ಹೋಗಬೇಕಾದರೆ, ನಾಳೆಯೂ ಬರಬೇಕು ಅನ್ನಿಸುವಂಥ ಜಾಗ ಬೇಕು. ಲಾಲ್‌ಬಾಗ್ ಆ ಗುಣವನ್ನು ಧಾರಾಳವಾಗಿ ಪಡೆದಿದೆ.

ನಿಧಾನ ಏಕೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಎಪ್ಪತ್ತು ಕಿಲೊ ತೂಕದ ವ್ಯಕ್ತಿ ಸಮತಟ್ಟಾದ ದಾರಿಯಲ್ಲಿ ಒಂದು ಕಿಲೋಮೀಟರ್ ನಡೆದರೆ ಸುಮಾರು 50 ಕ್ಯಾಲೊರಿ ಖರ್ಚಾಗುತ್ತದೆ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಹೆಚ್ಚುಕಡಿಮೆ 250. ಒಂದು ಕಿಲೊ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕ್ಯಾಲೊರಿ. ಅಂದರೆ ವಾರಕ್ಕೆ ಆರು ದಿನ ತಪ್ಪದೆ ನಡೆದು, ಊಟದಲ್ಲಿ ಒಂದು ತುತ್ತನ್ನೂ ಹೆಚ್ಚಿಸದೆ ಇದ್ದರೆ, ಒಂದು ಕಿಲೊ ಇಳಿಯಲು ಐದು ವಾರಗಳಾದರೂ ಬೇಕು. ಸುಮ್ಮನೆ ಕುಳಿತಿದ್ದರೂ ಆ ಒಂದು ಗಂಟೆಯಲ್ಲಿ ಖರ್ಚಾಗುತ್ತಿದ್ದ ಶಕ್ತಿಯನ್ನು ಕಳೆದು ನೋಡಿದರೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಒಂದು ತಿಂಗಳು ನಡೆದು, ತೂಕದ ಯಂತ್ರದ ಮುಳ್ಳು ಅಲ್ಲಾಡಲಿಲ್ಲವೆಂದು ಬೇಸತ್ತು ಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಈ ಲೆಕ್ಕ ಅವರಿಗೆ ಮೊದಲೇ ಗೊತ್ತಿದ್ದರೆ ಅಷ್ಟು ಬೇಗ ಬಿಡುತ್ತಿರಲಿಲ್ಲವೇನೋ.

ವಯಸ್ಸಾದಂತೆ ದೇಹದ ದಹನಶಕ್ತಿ ಕುಗ್ಗುವುದರಿಂದ ಏನು ಮಾಡಿದರೂ ಪ್ರಯೋಜನವಿಲ್ಲ ಎಂಬ ಮಾತನ್ನು ಪಾರ್ಕಿನ ಬೆಂಚುಗಳಲ್ಲಿ ನಿತ್ಯವೂ ಕೇಳುತ್ತೇವೆ. ಇಪ್ಪತ್ತೊಂಬತ್ತು ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನದ ಪ್ರಕಾರ, ದೇಹದ ಗಾತ್ರ ಮತ್ತು ಸ್ನಾಯುಗಳ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಇಪ್ಪತ್ತರಿಂದ ಅರವತ್ತರವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಈ ವರ್ಷಗಳಲ್ಲಿ ನಿಜವಾಗಿ ಕಡಿಮೆಯಾಗುವುದು ನಮ್ಮ ಓಡಾಟ ಮತ್ತು ನಮ್ಮ ಸ್ನಾಯುಗಳು. ಇವೆರಡೂ ನಮ್ಮ ಕೈಯಲ್ಲಿರುವ ಸಂಗತಿಗಳಾದ್ದರಿಂದ, ನನ್ನ ಮಟ್ಟಿಗೆ ಇದು ಬಹಳ ಧೈರ್ಯ ಕೊಟ್ಟ ವಿಷಯ.

ಓಡಾಟಕ್ಕೆ ಲಾಲ್‌ಬಾಗ್ ಹೇಳಿ ಮಾಡಿಸಿದಂತಿದೆ. ಅಗಲವಾದ ದಾರಿಗಳು, ಎದುರಿನಿಂದ ನುಗ್ಗಿ ಬರುವ ಸ್ಕೂಟರುಗಳ ಭಯವಿಲ್ಲದ ನಡಿಗೆ, ಬಿಸಿಲೇರಿದ ಮೇಲೂ ನೆರಳು ಕೊಡುವ ಹಳೆಯ ಮರಗಳು ಇಲ್ಲಿವೆ. ಪಾದಚಾರಿ ಮಾರ್ಗದ ಹೊಂಡ, ಕಲ್ಲುಗಳ ಮೇಲೆ ಕಣ್ಣಿಟ್ಟುಕೊಂಡು ನಡೆಯಬೇಕಾದಾಗ ಬಾರದ ವೇಗ ಇಲ್ಲಿ ತಾನಾಗಿಯೇ ಬರುತ್ತದೆ. ಗಾಜಿನ ಮನೆಯ ಸುತ್ತ ಒಂದು ದಿನ, ಕೆರೆಯ ಏರಿಯ ಮೇಲೆ ಇನ್ನೊಂದು ದಿನ, ದೊಡ್ಡ ಬಿಳಿ ಬೂರುಗದ ಮರದ ಕಡೆಗೆ ಮತ್ತೊಂದು ದಿನ ಎಂದು ದಾರಿಯನ್ನು ಬದಲಿಸಿಕೊಳ್ಳುವ ಅವಕಾಶವಿದೆ. ಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಡೆಯುವ ಯಂತ್ರದಲ್ಲಿ ಈ ಸುಖವಿಲ್ಲ.

ವ್ಯಾಯಾಮದ ದೃಷ್ಟಿಯಿಂದ ಇಡೀ ತೋಟದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಕೆಂಪೇಗೌಡ ಗೋಪುರವಿರುವ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಈ ಶಿಲೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಅದನ್ನು ತಿಳಿಸುವ ಫಲಕವೂ ಅಲ್ಲಿದೆ. ಬಂಡೆಯ ಬುಡದಲ್ಲಿ ಏರು ಎಷ್ಟು ಹಿತವಾಗಿದೆಯೆಂದರೆ ಹತ್ತುತ್ತಿದ್ದೇವೆಂದೇ ಅನ್ನಿಸುವುದಿಲ್ಲ. ಅರ್ಧ ದಾರಿಯಲ್ಲಿ ಮೀನಖಂಡಗಳು ಬಿಗಿಯತೊಡಗುತ್ತವೆ, ಮಾತು ತುಂಡುತುಂಡಾಗುತ್ತದೆ, ಮೇಲೆ ಮುಟ್ಟುವಷ್ಟರಲ್ಲಿ ಎದೆಬಡಿತ ಕಿವಿಗೆ ಕೇಳಿಸುತ್ತದೆ. ಮಂಡಿಗೆ ಓಟದ ಪೆಟ್ಟು ಕೊಡದೆ ಎದೆಬಡಿತವನ್ನು ಈ ಮಟ್ಟಕ್ಕೆ ಏರಿಸಲು ಏರುದಾರಿಗಿಂತ ಒಳ್ಳೆಯ ಉಪಾಯವಿಲ್ಲ. ಆರಂಭದಲ್ಲಿ ನಡುವೆ ನಿಂತು ಸುಧಾರಿಸಿಕೊಂಡು ಹತ್ತುತ್ತಿದ್ದ ನಾನು, ಕೆಲವು ತಿಂಗಳಾದ ಮೇಲೆ ಒಂದೇ ಉಸಿರಿಗೆ ಹತ್ತಿ ಇಳಿದು, ಮತ್ತೊಮ್ಮೆ ಹತ್ತುವಂತಾಗಿದ್ದು ತೂಕದಲ್ಲಿ ವ್ಯತ್ಯಾಸ ಕಾಣಿಸುವುದಕ್ಕಿಂತ ಬಹಳ ಮೊದಲು. ಇಳಿಯುವಾಗ ಮಾತ್ರ ಎಚ್ಚರ ಬೇಕು. ಮಂಡಿಯ ಮೇಲೆ ಭಾರ ಬೀಳುವುದು ಆಗಲೇ ಆದ್ದರಿಂದ ಚಿಕ್ಕ ಹೆಜ್ಜೆಗಳನ್ನಿಟ್ಟು ಓರೆಯಾಗಿ ಇಳಿಯುವುದು ಲೇಸು. ಮಳೆ ಬಂದ ಮರುದಿನ ಬಂಡೆ ಜಾರುತ್ತದೆ, ಆ ದಿನ ಕೆಳಗಿನ ದಾರಿಗಳೇ ಸಾಕು.

ಮಂಡಿನೋವಿರುವವರು ಒಂದು ವಿಷಯವನ್ನು ತಿಳಿದಿರಬೇಕು. ಮೈತೂಕದಲ್ಲಿ ಒಂದು ಕಿಲೊ ಕಡಿಮೆಯಾದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೊದಷ್ಟು ಕಡಿಮೆಯಾಗುತ್ತದೆ. ಎರಡೇ ಕಿಲೊ ಇಳಿದಾಗಲೂ ಮೆಟ್ಟಿಲು ಹತ್ತುವುದು ಹಗುರವೆನಿಸುವುದು ಇದೇ ಕಾರಣಕ್ಕೆ. ಮೈತೂಕದ ನೂರರಲ್ಲಿ ಐದು ಭಾಗ ಕರಗಿದರೆ ಸಕ್ಕರೆ ಕಾಯಿಲೆಯ ಮತ್ತು ರಕ್ತದೊತ್ತಡದ ಅಂಕಿಗಳಲ್ಲೂ ಸುಧಾರಣೆ ಕಾಣಿಸುತ್ತದೆ. ಎಂಬತ್ತು ಕಿಲೊ ಇರುವವರಿಗೆ ಅದು ನಾಲ್ಕೇ ಕಿಲೊ.

ವೇಗದ ಬಗ್ಗೆ ಹೇಳುವುದಾದರೆ, ಲಾಲ್‌ಬಾಗ್‌ನಲ್ಲಿ ನಡೆಯುವವರಲ್ಲಿ ಹಲವರು ಅಗತ್ಯಕ್ಕಿಂತ ಬಹಳ ನಿಧಾನವಾಗಿ ನಡೆಯುತ್ತಾರೆ. ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡು ಹೇಳಲು ಉಸಿರು ಸಾಲಬಾರದು; ವೈದ್ಯರು ಹೇಳುವ ಮಧ್ಯಮ ತೀವ್ರತೆಯ ವ್ಯಾಯಾಮದ ಅಳತೆ ಇದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಇಂಥ ಚಟುವಟಿಕೆಯನ್ನು ಸೂಚಿಸುತ್ತದೆ. ತೂಕ ಇಳಿಸಬೇಕೆನ್ನುವವರು ಮೇಲಿನ ಅಂಕಿಯ ಹತ್ತಿರವಿದ್ದರೆ ಒಳ್ಳೆಯದು. ಸಂಗಾತಿಗಳಿದ್ದರೆ ಇದು ಸುಲಭ. ಪಶ್ಚಿಮ ದ್ವಾರದ ಬಳಿ ನಿತ್ಯ ಸೇರುವ ನಮ್ಮ ಚಿಕ್ಕ ಗುಂಪಿನಲ್ಲಿ ಸೀರೆಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬರುವ, ಬ್ಯಾಂಕಿನಿಂದ ನಿವೃತ್ತರಾದ ಅಕ್ಕನೊಬ್ಬರಿದ್ದಾರೆ. ಯಾರಾದರೂ ಎರಡು ದಿನ ಕಾಣಿಸದಿದ್ದರೆ ಮೂರನೆಯ ದಿನ ಬೆಳಗ್ಗೆ ಐದೂವರೆಗೆ ಫೋನ್ ಮಾಡಿ, "ಏನಪ್ಪಾ, ಮೈಗೆ ಹುಷಾರಿಲ್ಲವೋ, ಮನಸ್ಸಿಗೆ ಹುಷಾರಿಲ್ಲವೋ?" ಎಂದು ಕೇಳುತ್ತಾರೆ. ಆ ಫೋನ್ ಮಾಡುವ ಕೆಲಸವನ್ನು ಯಾವ ಆ್ಯಪ್ ಕೂಡ ಅಷ್ಟು ಪರಿಣಾಮಕಾರಿಯಾಗಿ ಮಾಡಲಾರದೆಂದು ನಾನು ಖಂಡಿತವಾಗಿ ಹೇಳಬಲ್ಲೆ.

ಇನ್ನು ಗೇಟಿನ ಹೊರಗಿನ ವಿಚಾರ. ಲಾಲ್‌ಬಾಗ್ ರಸ್ತೆಯಲ್ಲೇ ಎಂಟಿಆರ್ ಇದೆ. 1924ರಲ್ಲಿ ಆರಂಭವಾದ ಆ ಹೋಟೆಲಿನ ರವೆ ಇಡ್ಲಿಗೂ ತುಪ್ಪದ ಮಸಾಲೆ ದೋಸೆಗೂ ಮನಸೋಲದವರು ಕಡಿಮೆ, ನಾನೂ ಅವುಗಳ ಅಭಿಮಾನಿಯೇ. ಆದರೆ ತುಪ್ಪ ಹಾಕಿದ ಒಂದು ಮಸಾಲೆ ದೋಸೆ, ಒಂದು ಲೋಟ ಸಕ್ಕರೆ ಹಾಕಿದ ಕಾಫಿ ಸೇರಿದರೆ ಒಂದು ಗಂಟೆಯ ನಡಿಗೆಯಲ್ಲಿ ಕರಗಿದ್ದಕ್ಕಿಂತ ಹೆಚ್ಚೇ ಒಳಗೆ ಹೋಗುತ್ತದೆ. ನಮ್ಮ ಗುಂಪಿನವರು ಹೋಟೆಲಿನ ತಿಂಡಿಯನ್ನು ತಿಂಗಳಿಗೊಂದು ಭಾನುವಾರಕ್ಕೆ ಮೀಸಲಿಟ್ಟಿದ್ದೇವೆ, ಆ ದಿನ ಸಂತೋಷವಾಗಿಯೇ ತಿನ್ನುತ್ತೇವೆ. ಉಳಿದ ದಿನ ಮನೆಯಲ್ಲಿ ಅನ್ನದ ಪ್ರಮಾಣವನ್ನು ಸ್ವಲ್ಪ ತಗ್ಗಿಸಿ, ಹೆಸರುಕಾಳು, ಹುರುಳಿ, ಸೊಪ್ಪಿನ ಪಲ್ಯಗಳನ್ನು ಹೆಚ್ಚಿಸಿಕೊಂಡಿದ್ದೇವೆ. ಉದ್ಯಾನಗಳ ಗೇಟುಗಳ ಬಳಿ ಮಾರುವ ಹಾಗಲಕಾಯಿ, ಬೂದುಗುಂಬಳಗಳ ರಸ ಕುಡಿದರೆ ಬೊಜ್ಜು ಕರಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಇಷ್ಟವಿದ್ದವರು ಕುಡಿಯಬಹುದು, ಅಷ್ಟೇ.

ಲಾಲ್‌ಬಾಗ್‌ನ ನಡಿಗೆಯೊಂದರಿಂದಲೇ ಸಿಗದ ಮುಖ್ಯವಾದ ವಸ್ತು ಸ್ನಾಯುಬಲ. ಮೂವತ್ತು ದಾಟಿದ ಮೇಲೆ ಪ್ರತಿ ದಶಕದಲ್ಲೂ ಸ್ನಾಯುಗಳು ಸ್ವಲ್ಪಸ್ವಲ್ಪವಾಗಿ ಸವೆಯುತ್ತವೆ, ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಅವೂ ಒಂದಿಷ್ಟು ಕರಗುತ್ತವೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಶೇಖರವಾಗುವುದೂ, ಮೂಳೆ ಸಡಿಲವಾಗುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಹಾಗಾಗಿ ವಾರಕ್ಕೆ ಎರಡು ದಿನವಾದರೂ ಬಲ ಹೆಚ್ಚಿಸುವ ವ್ಯಾಯಾಮ ಬೇಕೇ ಬೇಕು. ಇದಕ್ಕೆ ನಾನು ತೋಟದ ಕಲ್ಲುಬೆಂಚುಗಳನ್ನೇ ಬಳಸುತ್ತೇನೆ: ಕೈ ಊರದೆ ಕೂತು ಏಳುವುದು, ಬೆಂಚಿನ ಅಂಚಿಗೆ ಅಂಗೈ ಊರಿ ದಂಡ ಹೊಡೆಯುವುದು. ಮನೆಯಲ್ಲಿ ನೀರು ತುಂಬಿದ ಎರಡು ಲೀಟರಿನ ಬಾಟಲಿಗಳು ತೋಳಿನ ವ್ಯಾಯಾಮಕ್ಕೆ ಸಾಕು.

ಪ್ರಗತಿಯನ್ನು ಅಳೆಯಲು ತೂಕದ ಯಂತ್ರಕ್ಕಿಂತ ದರ್ಜಿಯ ಟೇಪನ್ನೇ ನಾನು ಹೆಚ್ಚು ನಂಬುತ್ತೇನೆ. ಭಾರತೀಯರಲ್ಲಿ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ದಾಟಬಾರದೆಂಬುದು ವೈದ್ಯರ ಮಾತು. ಎರಡು ವರ್ಷಗಳಲ್ಲಿ ನನ್ನ ತೂಕ ಏಳೆಂಟು ಕಿಲೊ ಇಳಿದಿದೆ. ನಡುನಡುವೆ ತಿಂಗಳುಗಟ್ಟಲೆ ಅಲುಗದೆ ನಿಂತಿದ್ದ ಅವಧಿಯಲ್ಲೂ ಬೆಲ್ಟಿನ ತೂತುಗಳು ಒಳಕ್ಕೆ ಸರಿಯುತ್ತಲೇ ಇದ್ದವು.

ಹೊಸದಾಗಿ ಬರುವವರಿಗೆ ಕೆಲವು ಸೂಚನೆಗಳು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಜನಸಂದಣಿ ಬಹಳ, ಆಗ ಆದಷ್ಟು ಬೇಗ ಬಂದು ಗಾಜಿನ ಮನೆಯ ಭಾಗವನ್ನು ಬಿಟ್ಟು ಕೆರೆಯ ಕಡೆಗೆ ನಡೆಯಿರಿ. ದೂರದಿಂದ ಬರುವವರಿಗೆ ಮೆಟ್ರೊದ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣ ಅನುಕೂಲ. ಕಾರು ನಿಲ್ಲಿಸುವ ತಾಪತ್ರಯ ಇರುವುದಿಲ್ಲ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿ.ಪಿ., ಶುಗರ್ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು, ಬಂಡೆಯನ್ನು ಮೊದಲ ತಿಂಗಳು ಮುಟ್ಟುವುದು ಬೇಡ. ಬೂಟು ಕೊಳ್ಳುವಾಗ ಬೆಲೆಗಿಂತ ಹಿಮ್ಮಡಿಯ ಮೆತ್ತೆಯನ್ನು ಗಮನಿಸಿ, ಸಂಜೆ ಪಾದ ಸ್ವಲ್ಪ ಊದಿಕೊಂಡಿರುವ ಹೊತ್ತಿನಲ್ಲಿ ಅಂಗಡಿಗೆ ಹೋಗಿ ಹಾಕಿ ನೋಡಿ.