ವಿಶ್ವವಿದ್ಯಾಲಯಗಳ ಉದ್ಯೋಗ ಪೋರ್ಟಲ್: ಅರ್ಜಿ ಹಾಕಲು ಸರಿ, ಹುದ್ದೆ ಹುಡುಕಲು ಸಾಲದು

ವಿಶ್ವವಿದ್ಯಾಲಯದ ಉದ್ಯೋಗ ಪುಟ ತೆರೆದ ಕೂಡಲೇ ಬೋಧನೆ, ಸಂಶೋಧನೆ, ಆಡಳಿತ, ತಾಂತ್ರಿಕ ಎಂಬ ಫಿಲ್ಟರ್‌ಗಳು ಎದುರಾಗುತ್ತವೆ. ಈ ಸೇವೆಯ ದೊಡ್ಡ ದೋಷವೇ ಅದು. ಮೈಕ್ರೋಸ್ಕೋಪಿ ಘಟಕ ನೋಡಿಕೊಳ್ಳುವ ಹುದ್ದೆ ಒಂದು ಕಡೆ ಸಂಶೋಧನೆಯಡಿ ಇರುತ್ತದೆ, ಇನ್ನೊಂದು ಕಡೆ ತಾಂತ್ರಿಕದಡಿ, ಮತ್ತೊಂದು ಕಡೆ ಆಡಳಿತದಡಿ. ವರ್ಗ ನಿರ್ಧಾರವಾಗುವುದು ಹೆಚ್ಚಾಗಿ ವೇತನ ಶ್ರೇಣಿಯಿಂದ, ಮಾಡುವ ಕೆಲಸದಿಂದಲ್ಲ.

ಹಾಗಾಗಿ ಫಿಲ್ಟರ್ ಮುಟ್ಟದೆ ಕೀವರ್ಡ್ ಹಾಕಿ. ಹುದ್ದೆಯ ಹೆಸರಿಗಿಂತ ವಿಧಾನದ ಹೆಸರು ಕೈಹಿಡಿಯುತ್ತದೆ: ಮಾಸ್ ಸ್ಪೆಕ್ಟ್ರೊಮೆಟ್ರಿ, ಪೈಥಾನ್, ಕ್ಲಿನಿಕಲ್ ಟ್ರಯಲ್. ಸಂಶೋಧನೆಗೆ ನೆರವಾಗುವ ಬೆಂಬಲ ಹುದ್ದೆಗಳಿಗೆ ಗ್ರ್ಯಾಂಟ್ಸ್, ಪ್ರೀ-ಅವಾರ್ಡ್ (ಅನುದಾನ ಸಿಗುವ ಮುಂಚಿನ ಅರ್ಜಿ ಕೆಲಸ), ಎಥಿಕ್ಸ್, ಡೇಟಾ ಸ್ಟೀವರ್ಡ್ (ಸಂಶೋಧನೆಯ ದತ್ತಾಂಶ ನೋಡಿಕೊಳ್ಳುವವರು). ‘ರಿಸರ್ಚ್ ಅಸೋಸಿಯೇಟ್’ ಎಂಬ ಹೆಸರನ್ನಂತೂ ನಂಬುವಂತಿಲ್ಲ. ಬ್ರಿಟನ್ನಿನಲ್ಲಿ ಅದಕ್ಕೆ ಸಾಮಾನ್ಯವಾಗಿ ಪಿಎಚ್‌ಡಿ ಬೇಕು, ಬೇರೆಡೆ ಸ್ನಾತಕೋತ್ತರ ಪದವಿಯೇ ಸಾಕಾಗಬಹುದು. ಇಮೇಲ್ ಅಲರ್ಟ್ ಎರಡು ಇಡಿ, ಒಂದು ವಿಭಾಗದ ಹೆಸರಿಗೆ, ಒಂದು ಕೀವರ್ಡ್‌ಗೆ. ಎಲ್ಲ ಷರತ್ತುಗಳನ್ನೂ ಒಂದೇ ಅಲರ್ಟ್‌ಗೆ ತುರುಕಿದರೆ ಮೇಲ್ ಬರುವುದೇ ನಿಂತುಹೋಗುತ್ತದೆ.

ಹಲವು ಸಂಸ್ಥೆಗಳ ಹುದ್ದೆಗಳನ್ನು ಒಂದೇ ಕಡೆ ಕೊಡುವ ತಾಣಗಳು ಹುಡುಕಾಟದಲ್ಲಿ ವಾಸಿ. ವಾರ್ವಿಕ್ ವಿಶ್ವವಿದ್ಯಾಲಯ 1998ರಲ್ಲಿ ಶುರುಮಾಡಿದ ಜಾಬ್ಸ್ ಡಾಟ್ ಎಸಿ ಡಾಟ್ ಯುಕೆಯಲ್ಲಿ ಬೆಂಬಲ ಹುದ್ದೆಗಳೂ ಸಿಗುತ್ತವೆ. ಯುರೋಪಿಯನ್ ಕಮಿಷನ್ ಬೆಂಬಲದ ಯುರಾಕ್ಸೆಸ್ ಸಂಶೋಧಕರನ್ನು ವೃತ್ತಿಯ ಹಂತದ ಪ್ರಕಾರ ಆರ್1ರಿಂದ ಆರ್4ರವರೆಗೆ ವಿಂಗಡಿಸುತ್ತದೆ: ಪಿಎಚ್‌ಡಿ ಮುಗಿಯುವವರೆಗೆ ಆರ್1, ಪಿಎಚ್‌ಡಿ ಆಗಿ ಇನ್ನೂ ಪೂರ್ತಿ ಸ್ವತಂತ್ರರಾಗದವರು ಆರ್2. ಹುದ್ದೆಯ ಹೆಸರು ದೇಶಕ್ಕೊಂದು ಥರ ಇರುವಲ್ಲಿ ಇದೇ ನಿಜವಾದ ಉಪಕಾರ. ಆಡಳಿತದ ಹುದ್ದೆ ಹುಡುಕುವವರಿಗೆ ಮಾತ್ರ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಅರ್ಜಿಯ ವಿಷಯಕ್ಕೆ ಬಂದರೆ, ಸಿವಿ ಅಪ್‌ಲೋಡ್ ಮಾಡಿದರೆ ಫಾರ್ಮ್ ತಾನೇ ತುಂಬಿಕೊಳ್ಳುವ ಸೌಲಭ್ಯ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಎರಡು ಕಾಲಂ, ಟೇಬಲ್, ಹೆಡರ್‌ನಲ್ಲಿರುವ ಪಠ್ಯ ಇದ್ದರೆ ಸಂಸ್ಥೆಯ ಹೆಸರು ಒಂದು ಕಡೆ, ದಿನಾಂಕ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಒಂದೇ ಕಾಲಂನ ಸಿವಿ ಹಾಕಿ, ಸಲ್ಲಿಸುವ ಮುನ್ನ ಪ್ರತಿ ದಿನಾಂಕ ನೋಡಿ. ವಿವರಣೆಯ ಪೆಟ್ಟಿಗೆಯಲ್ಲಿ ನೇರವಾಗಿ ಟೈಪ್ ಮಾಡಬೇಡಿ. ಸೆಷನ್ ಮುಗಿದರೆ ಬರೆದದ್ದೆಲ್ಲ ಹೋದಂತೆಯೇ. ಅಗತ್ಯ ಅರ್ಹತೆಗಳನ್ನು ಜಾಹೀರಾತು ಕೊಟ್ಟ ಕ್ರಮದಲ್ಲೇ, ಒಂದೊಂದಕ್ಕೂ ಒಂದು ಉದಾಹರಣೆಯೊಂದಿಗೆ ಬರೆಯಿರಿ. ಆಯ್ಕೆ ಸಮಿತಿಯವರು ಹೆಚ್ಚಾಗಿ ಅದೇ ಪಟ್ಟಿ ಹಿಡಿದು ಅಂಕ ಹಾಕುತ್ತಾರೆ.

ವೇತನದ ಸಾಲನ್ನು ಎರಡು ಸಲ ಓದಿ. 0.6 ಎಫ್‌ಟಿಇ (ಪೂರ್ಣಾವಧಿ ಕೆಲಸದ ಶೇ. 60) ಎಂದಿದ್ದು ಪೂರ್ಣಾವಧಿ ವೇತನ 40,000 ಎಂದು ತೋರಿಸಿದ್ದರೆ, ಕೈಗೆ ಬರುವುದು ತೆರಿಗೆಗೆ ಮುಂಚೆ 24,000. ‘ನಿಗದಿತ ಅವಧಿ’ ಎಂದಿದ್ದರೆ ಹುದ್ದೆಗೆ ಹಣ ಕೊಡುವ ಅನುದಾನ ಮುಗಿಯುವ ದಿನಾಂಕವನ್ನು ಜಾಹೀರಾತಿನಲ್ಲಿರುವ ಸಂಪರ್ಕ ವ್ಯಕ್ತಿಯನ್ನೇ ಕೇಳಿ. ವಿಳಂಬವಾಗಿ ಸೇರಿದರೂ ಆ ದಿನಾಂಕ ಮುಂದೆ ಹೋಗದಿರಬಹುದು. ಅರ್ಹತೆಗಳು ವಿಚಿತ್ರವಾಗಿ ನಿಖರವಾಗಿದ್ದು ಗಡುವು ಒಂದೇ ವಾರವಿದ್ದರೆ ಒಳಗಿನ ಅಭ್ಯರ್ಥಿ ಇರಬಹುದೆಂಬ ಗುಮಾನಿ ಸಹಜ, ಪುರಾವೆಯಂತೂ ಅಲ್ಲ.

ಜಾಹೀರಾತನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಗಡುವು ಮುಗಿದ ಮೇಲೆ ಪುಟವನ್ನು ತೆಗೆದುಬಿಡುವುದುಂಟು, ಆಗ ಸಂದರ್ಶನಕ್ಕೆ ತಯಾರಾಗಲು ಹುದ್ದೆಯ ವಿವರವೇ ಇರುವುದಿಲ್ಲ. ಇನ್ನು ‘ಪರಿಶೀಲನೆಯಲ್ಲಿದೆ’ ಎಂಬ ಸ್ಥಿತಿ ಸೂಚನೆಗೆ ಬೆಲೆ ಕೊಡಬೇಡಿ. ಹುದ್ದೆ ಭರ್ತಿಯಾದ ಮೇಲೂ ಅದು ಹಾಗೆಯೇ ಉಳಿಯಬಹುದು. ಜಾಹೀರಾತಿನಲ್ಲಿ ಸಂದರ್ಶನದ ದಿನಾಂಕ ಕೊಟ್ಟಿದ್ದರೆ ಅದನ್ನೇ ನೋಡಿ.